ಲಕ್ವ ಹೊಡೆದ ಮೇಲೆ ಯಾವ ರಕ್ತಪರೀಕ್ಷೆ?

ತಂದೆಯವರನ್ನು ಜಗಳೂರಿನಿಂದ ದಾವಣಗೆರೆಗೆ ಕರೆತಂದಿರುವ ಗೆಳೆಯರೊಬ್ಬರ ಪ್ರಶ್ನೆ: ಪಾರ್ಶ್ವವಾಯುವಿನ ನಂತರ ನ್ಯುಮೋನಿಯಾ ಬರುವ ಸುಳಿವು ಹಿಡಿಯಲು ಸಿಬಿಸಿ (ರಕ್ತಕಣಗಳ ಎಣಿಕೆ) ಸಾಕೇ, ಸಿಆರ್‌ಪಿ (ಉರಿಯೂತವಿದ್ದಾಗ ರಕ್ತದಲ್ಲಿ ಏರುವ ಪ್ರೋಟೀನು) ಬೇಕೇ, ಪ್ರೊಕ್ಯಾಲ್ಸಿಟೋನಿನ್ (ಬ್ಯಾಕ್ಟೀರಿಯಾ ಸೋಂಕಿನಲ್ಲಿ ರಕ್ತದಲ್ಲಿ ಏರುವ ವಸ್ತು) ಮಾಡಿಸಬೇಕೇ?

ಖರ್ಚಿನಲ್ಲಿ ಸಿಬಿಸಿ ಹಗುರ, ಪ್ರೊಕ್ಯಾಲ್ಸಿಟೋನಿನ್ ಭಾರ, ಸಿಆರ್‌ಪಿ ನಡುವೆ.

ನಂಬಿಕೆಯ ಮಾತು ಅಷ್ಟು ಸರಳವಲ್ಲ. ಸಿಬಿಸಿ ವರದಿಯಲ್ಲಿ ಎರಡು ಬಗೆಯ ಬಿಳಿ ರಕ್ತಕಣಗಳ ಶೇಕಡಾವಾರು ಇರುತ್ತದೆ; ನ್ಯೂಟ್ರೋಫಿಲ್ 84, ಲಿಂಫೋಸೈಟ್ 12 ಎಂದಿದ್ದರೆ ಭಾಗಿಸಿ ನೋಡಿ, 7 ಬರುತ್ತದೆ. ಈ ಅನುಪಾತ ಏರಿದಷ್ಟೂ ಸೋಂಕಿನ ಸಂಭವ ಹೆಚ್ಚು. ಆದರೆ ಪಾರ್ಶ್ವವಾಯುವಿನ ಆಘಾತಕ್ಕೇ ಅದು ಏರಬಹುದು, ಸ್ಟೀರಾಯ್ಡ್ ಕೊಟ್ಟರೂ ಏರುತ್ತದೆ. ಸಿಆರ್‌ಪಿ ಯಾವ ಉರಿಯೂತಕ್ಕೂ ಏರುವಂಥದ್ದು. ಒಂದು ದಿನದ ಅಂಕಿಗಿಂತ ದಿನದಿಂದ ದಿನಕ್ಕೆ ಅದು ಹೋಗುವ ದಿಕ್ಕು ಮುಖ್ಯ. ಬ್ಯಾಕ್ಟೀರಿಯಾ ಸೋಂಕನ್ನು ಉಳಿದೆರಡಕ್ಕಿಂತ ಚೆನ್ನಾಗಿ ಬೇರ್ಪಡಿಸುವುದು ಪ್ರೊಕ್ಯಾಲ್ಸಿಟೋನಿನ್. ಮೂತ್ರಪಿಂಡ ಸೋತವರಲ್ಲಿ ಅದೂ ಮೊದಲೇ ಹೆಚ್ಚಿರುತ್ತದೆ.

ಜ್ವರವಿಲ್ಲದೆ, ನುಂಗಲು ತೊಂದರೆಯಿಲ್ಲದೆ ಇದ್ದರೆ ಸಿಬಿಸಿಯಿಂದ ಶುರು ಮಾಡುವುದೇ ನನಗೆ ಸರಿ ಕಾಣುತ್ತದೆ. ನುಂಗಲು ಕಷ್ಟವಿದ್ದರೆ ಆಹಾರ, ನೀರು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು, ಹಾಗಾಗಿ ಸಿಆರ್‌ಪಿಯನ್ನು ಮತ್ತೆ ಮತ್ತೆ ನೋಡುವುದು ಒಳ್ಳೆಯದು. ಜ್ವರ ಬಂದು, ಎದೆಯ ಎಕ್ಸ್‌ರೇ ಸ್ಪಷ್ಟವಿಲ್ಲದೆ, ವೈದ್ಯರೇ ಅನುಮಾನದಲ್ಲಿದ್ದಾಗ ಪ್ರೊಕ್ಯಾಲ್ಸಿಟೋನಿನ್‌ಗೆ ಕೊಟ್ಟ ಹಣ ಸಾರ್ಥಕ. ಅಂಕಿ ನೋಡಿ ನೀವೇ ಆ್ಯಂಟಿಬಯೋಟಿಕ್ ಕೇಳಬೇಡಿ. 2015ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ, ಮುಂಜಾಗ್ರತೆಗೆಂದು ಅದನ್ನು ಕೊಟ್ಟಿದ್ದರಿಂದ ರೋಗಿಗಳ ಚೇತರಿಕೆ ಸುಧಾರಿಸಲಿಲ್ಲ.

ಇನ್ನೊಂದು ಮಾತು, ಇದಕ್ಕೆ ರಕ್ತ ಬೇಡ. ನುಂಗುವ ಪರೀಕ್ಷೆ ಆಗುವವರೆಗೆ ತಂದೆಯವರ ಬಾಯಿಗೆ ಒಂದು ಚಮಚ ನೀರನ್ನೂ ಹಾಕಬೇಡಿ, ಗಂಜಿಯನ್ನಂತೂ ಬೇಡವೇ ಬೇಡ.