ಮರ್ಜ್ ಆಗದ ಕೋಡ್ ಬೇಕಾದಾಗ ಯಾವ ದಾರಿ?

ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಕುಯ್ಲಿನ ತೂಕದ ಚೀಟಿ ಮುದ್ರಿಸಿಕೊಡುವ ಸಣ್ಣ ಆ್ಯಪ್ ಒಂದನ್ನು ನೋಡಿಕೊಳ್ಳುತ್ತೇನೆ. ಅದರ ಪಿಡಿಎಫ್ ಲೈಬ್ರರಿಗೆ ಒತ್ತಕ್ಷರವೇ ಬರುತ್ತಿರಲಿಲ್ಲ. ಊರಿನ ಹೆಸರು ‘ಚಿಕ್‌ಕಮಗಳೂರು’ ಅಂತ ಬೀಳುತ್ತಿತ್ತು. ಯಾರೋ ಪುಣ್ಯಾತ್ಮರು ಸರಿಮಾಡಿ ಪುಲ್ ರಿಕ್ವೆಸ್ಟ್ (ತಿದ್ದುಪಡಿ ಸೇರಿಸಿಕೊಳ್ಳಿ ಎಂಬ ಮನವಿ) ಹಾಕಿದ್ದರು, ಮರ್ಜ್ ಮಾತ್ರ ಆಗಿರಲಿಲ್ಲ, ಅಂದರೆ ಮೂಲ ಕೋಡಿಗೆ ಸೇರಿರಲಿಲ್ಲ. ನವೆಂಬರ್ ಬಂದರೆ ಅರೇಬಿಕಾ ಕುಯ್ಲು ಕಾಯುತ್ತಾ? ಇರೋ ದಾರಿಗಳನ್ನೆಲ್ಲ ಹಾಕಿ ನೋಡಿದೆ.

ಎಲ್ಲರೂ ಮೊದಲು ಹಿಡಿಯೋದು ನೇರ ಗಿಟ್ ದಾರಿ, ಅಂದರೆ ಲೈಬ್ರರಿಯ ಮೂಲ ಕೋಡ್ ಇರುವ ರೆಪೊದಿಂದಲೇ ಹಾಕಿಕೊಳ್ಳೋದು. ಎನ್‌ಪಿಎಂ (ಜಾವಾಸ್ಕ್ರಿಪ್ಟ್ ಲೈಬ್ರರಿಗಳನ್ನು ಇಳಿಸಿಕೊಡುವ ಸಾಧನ) ಇನ್‌ಸ್ಟಾಲ್ ಮುಂದೆ ಮಾಲೀಕರ ಹೆಸರು, ರೆಪೊ ಹೆಸರು, ಹ್ಯಾಶ್ ಚಿಹ್ನೆ, ಆಮೇಲೆ ಪುಲ್, ರಿಕ್ವೆಸ್ಟ್ ನಂಬರ್, ಹೆಡ್ ಅಂತ ಸ್ಲ್ಯಾಷ್ ಹಾಕಿ ಬರೆದರೆ ಸಾಕು. ಇನ್‌ಸ್ಟಾಲೂ ಆಯಿತು. ಆದರೆ ಒಳಗೆ ನೋಡಿದರೆ ಬಳಸಲು ಸಿದ್ಧವಾದ ಕೋಡ್ ಇರಬೇಕಾದ ಡಿಸ್ಟ್ ಫೋಲ್ಡರೇ ಇಲ್ಲ! ಪ್ಯಾಕೇಜಿನಲ್ಲಿ ‘ಪ್ರಿಪೇರ್’ ಸ್ಕ್ರಿಪ್ಟ್ ಇದ್ದರೆ ಎನ್‌ಪಿಎಂ ತಯಾರಿಗೆ ಬೇಕಾದ ಡೆವ್ ಡಿಪೆಂಡೆನ್ಸಿಗಳನ್ನು ಇಳಿಸಿ ಅದನ್ನು ಓಡಿಸುತ್ತದೆ. ಈ ಲೈಬ್ರರಿಯವರು ಬಿಲ್ಡ್ (ಕೋಡನ್ನು ಸಿದ್ಧರೂಪಕ್ಕೆ ತರುವ ಹಂತ) ಇಟ್ಟಿದ್ದು ‘ಪ್ರಿಪಬ್ಲಿಷ್‌ಓನ್ಲಿ’ಯಲ್ಲಿ. ಗಿಟ್‌ನಿಂದ ಹಾಕುವಾಗ ಅದು ಓಡುವುದೇ ಇಲ್ಲ. ಮಾನೊರೆಪೊ (ಹಲವು ಪ್ಯಾಕೇಜುಗಳಿರುವ ಒಂದೇ ರೆಪೊ) ಆದರೆ ಇನ್ನೂ ಕಷ್ಟ. ಪಿಎನ್‌ಪಿಎಂ, ಹೊಸ ಯಾರ್ನ್ (ಇವೂ ಎನ್‌ಪಿಎಂನಂಥವೇ) ಒಳಗಿನ ಒಂದು ಪ್ಯಾಕೇಜನ್ನು ಮಾತ್ರ ಎತ್ತಿಕೊಳ್ಳುತ್ತವೆ, ಎನ್‌ಪಿಎಂಗೆ ಅದು ಬರಲ್ಲ. ಸರ್ವರಿನಲ್ಲಿ ಆಲ್ಪೈನ್ ಇಮೇಜ್ (ಪುಟ್ಟ ಲಿನಕ್ಸ್) ಇದ್ದರೆ ಅದರಲ್ಲಿ ಗಿಟ್ಟೇ ಇರುವುದಿಲ್ಲ. ಒಂದು ಒಳ್ಳೆಯದು: ಯಾವ ಆವೃತ್ತಿ ಹಾಕಿದ್ದು ಎಂದು ಬರೆದಿಡುವ ಲಾಕ್ ಫೈಲಿನಲ್ಲಿ ಕಮಿಟ್ ಹ್ಯಾಶ್ (ಆ ಬದಲಾವಣೆಯ ಗುರುತು) ಕೂತಿರುತ್ತದೆ, ಹಾಗಾಗಿ ಬ್ರಾಂಚ್ ಬದಲಾದರೂ ನಮ್ಮದು ಅಲ್ಲಾಡಲ್ಲ.

ಸ್ಟಾಕ್‌ಬ್ಲಿಟ್ಜ್‌ನವರ ಪಿಕೆಜಿ ಡಾಟ್ ಪಿಆರ್ ಡಾಟ್ ನ್ಯೂ ಎಂಬ ಸೇವೆ ನನಗೆ ಬಹಳ ಇಷ್ಟವಾಯಿತು. ಬಿಲ್ಡ್ ಆದ ಪ್ಯಾಕೇಜಿನ ಲಿಂಕ್ ರಿಕ್ವೆಸ್ಟಿನ ಕೆಳಗೇ ಬಂದು ಬೀಳುತ್ತದೆ. ಅದನ್ನು ಇನ್‌ಸ್ಟಾಲ್‌ಗೆ ಕೊಟ್ಟರೆ ಮುಗೀತು. ಆದರೆ ರೆಪೊ ನಡೆಸುವವರು ಮೊದಲೇ ಅದನ್ನು ಜೋಡಿಸಿರಬೇಕು. ನನ್ನ ಆ್ಯಪಿನ ಬೇರೊಂದು ಲೈಬ್ರರಿಯಲ್ಲಿತ್ತು, ಇದರಲ್ಲಿ ಇರಲಿಲ್ಲ.

ಪ್ಯಾಚ್-ಪ್ಯಾಕೇಜ್ ಎಂಬ ಸಾಧನ ಎರಡು ಮೂರು ಸಾಲಿನ ತಿದ್ದುಪಡಿಗೆ ಸರಿ. ಲೈಬ್ರರಿಗಳು ಇಳಿದಿರುವ ನೋಡ್ ಮಾಡ್ಯೂಲ್ಸ್ ಫೋಲ್ಡರಿನ ಒಳಗೇ ತಿದ್ದಿದರೆ ವ್ಯತ್ಯಾಸವನ್ನು ಫೈಲ್ ಮಾಡಿಟ್ಟು, ಪ್ರತಿ ಇನ್‌ಸ್ಟಾಲ್ ಆದಮೇಲೂ ಹಚ್ಚುತ್ತದೆ. ನನಗೆ ಸಿಕ್ಕಿದ್ದು ಮಿನಿಫೈ ಆದ (ಜಾಗ ಉಳಿಸಲು ಒತ್ತಿಟ್ಟ) ಒಂದೇ ಉದ್ದನೆ ಸಾಲು. ಸುಮ್ನೆ ಕಣ್ಣು ನೋವು.

ಕೊನೆಗೆ ಉಳಿದಿದ್ದು ಹಳೆಯ ಎನ್‌ಪಿಎಂ ಪ್ಯಾಕ್. ರಿಕ್ವೆಸ್ಟಿನ ಕೋಡ್ ಇಳಿಸಿಕೊಂಡು, ಬದಲಾದ ಸಾಲುಗಳನ್ನು ಓದಿ, ನಾನೇ ಬಿಲ್ಡ್ ಮಾಡಿ, ಪ್ಯಾಕ್ ಕಟ್ಟಿಕೊಟ್ಟ ಟಾರ್‌ಬಾಲನ್ನು (ಇಡೀ ಪ್ಯಾಕೇಜಿನ ಒಂದೇ ಫೈಲು) ಪ್ರಾಜೆಕ್ಟಿನಲ್ಲೇ ಇಟ್ಟೆ. ಯಾರೂ ಪರಿಶೀಲಿಸದ ಕೋಡ್ ಅಲ್ವಾ, ಓದಲೇಬೇಕು. ರೆಪೊ ಸ್ವಲ್ಪ ದಪ್ಪ ಆಗುತ್ತೆ, ಆಗಲಿ. ಮಳೆಗೆ ನೆಟ್ ಕೈಕೊಟ್ಟರೂ ಈ ಲೈಬ್ರರಿಗಾಗಿ ಕಾಯಬೇಕಾಗಿಲ್ಲ, ಸರ್ವರಿಗೆ ಗಿಟ್ಟೂ ಬೇಡ. ಫೈಲಿನ ಹೆಸರಿಗೆ ಕಮಿಟ್ ಹ್ಯಾಶಿನ ಮೊದಲ 7 ಅಕ್ಷರ ಸೇರಿಸಿ. ಅದೇ ಹೆಸರಿನಲ್ಲಿ ಹೊಸ ಬಿಲ್ಡ್ ಇಟ್ಟರೆ ಲಾಕ್ ಫೈಲಿಗೆ ತಾಳೆಯಾಗದೆ ಎನ್‌ಪಿಎಂ ತಕರಾರು ತೆಗೆಯುತ್ತದೆ.