ಕ್ರಾಸಿಂಗ್ ಗಂಟೆಗೆ ಯಾವುದು: ಟ್ರೆಡಲ್ಲೋ, ಟ್ರ್ಯಾಕ್ ಸರ್ಕ್ಯೂಟೋ?

ಹಳೇ ಅಮೆರಿಕನ್ ರೈಲಿನ ಮಾಡೆಲ್ ಮಾಡುತ್ತಿದ್ದೀರಾ? ರಸ್ತೆ ಹಳಿಯನ್ನು ದಾಟುವಲ್ಲಿ ರೈಲು ಬರುತ್ತಿದೆ ಎಂದು ಎಚ್ಚರಿಸುವ ಕ್ರಾಸಿಂಗ್ ಗಂಟೆಗೆ ಎರಡು ದಾರಿಗಳಿವೆ.

ಟ್ರೆಡಲ್ ಸುಲಭ. ಹಳಿಯ ಪಕ್ಕ ಒಂದು ಸನ್ನೆ. ಚಕ್ರ ಒತ್ತಿದರೆ ಸ್ವಿಚ್ ಕೂಡಿ ಗಂಟೆ ಬಡಿಯುತ್ತದೆ. ಆದರೆ ತಂತಿ ತುಂಡಾದರೆ ರೈಲು ಬಂದರೂ ಗಂಟೆ ಸುಮ್ನೆ ಇರುತ್ತದೆ. ಅಪಾಯ ಅಲ್ವಾ?

ಟ್ರ್ಯಾಕ್ ಸರ್ಕ್ಯೂಟ್‌ನದು ಉಲ್ಟಾ ಲೆಕ್ಕ. ವಿಲಿಯಂ ರಾಬಿನ್ಸನ್ 1872ರಲ್ಲಿ ಇದಕ್ಕೆ ಪೇಟೆಂಟ್ ಪಡೆದರು. ಹಳಿಯ ಒಂದು ತುಂಡನ್ನು ಕರೆಂಟ್ ದಾಟದಂತೆ ಉಳಿದದ್ದರಿಂದ ಬೇರ್ಪಡಿಸಿ, ಒಂದು ತುದಿಗೆ ಬ್ಯಾಟರಿ, ಇನ್ನೊಂದಕ್ಕೆ ರಿಲೇ (ಕರೆಂಟಿನ ಸುರುಳಿ ಎಳೆದು ಹಿಡಿಯುವ ಸ್ವಿಚ್) ಜೋಡಿಸುತ್ತಾರೆ. ಕರೆಂಟ್ ಸದಾ ಹರಿಯುತ್ತಿರುತ್ತದೆ. ರೈಲು ಬಂದಾಗ ಚಕ್ರ ಮತ್ತು ಅಚ್ಚು ಅದನ್ನು ಅಡ್ಡದಾರಿಗೆ ಎಳೆಯುತ್ತವೆ, ಕರೆಂಟ್ ಸಿಗದೆ ರಿಲೇ ಹಿಡಿತ ಬಿಟ್ಟುಬಿಡುತ್ತದೆ, ಗಂಟೆ ಶುರು. ಹಳಿಯ ಬ್ಯಾಟರಿ ಸತ್ತರೂ, ತಂತಿ ಕಡಿದರೂ ಗಂಟೆ ಬಡಿಯುತ್ತದೆ. ಕಿರಿಕಿರಿ ನಿಜ, ಆದರೆ ಜೀವ ಉಳಿಯುತ್ತದೆ. ಹಳಿಗೆ ತುಕ್ಕು ಜಾಸ್ತಿಯಾದರೆ ಮಾತ್ರ ಕೈಕೊಡಬಹುದು.

ರೈಲು ರಸ್ತೆ ದಾಟಿದ ಮೇಲೂ ಗಂಟೆ ಬಡಿಯುತ್ತಿದ್ದರೆ? ಅದಕ್ಕೇ ಇಂಟರ್‌ಲಾಕಿಂಗ್ ರಿಲೇ ಬಂತು. ಎರಡು ಸುರುಳಿ, ನಡುವೆ ಒಂದು ಕೊಂಡಿ. ರೈಲು ಯಾವ ಕಡೆಯಿಂದ ಬಂದರೂ, ದಾಟಿದ ಕೂಡಲೇ ಗಂಟೆ ನಿಲ್ಲುತ್ತದೆ. ನನಗೆ ಅಚ್ಚುಮೆಚ್ಚು ಇದೇ.

ನಿಜವಾದ ಹಳಿಗಾದರೆ ಟ್ರ್ಯಾಕ್ ಸರ್ಕ್ಯೂಟೇ ಸೈ. ಮಾಡೆಲ್‌ನಲ್ಲಿ ಚಕ್ರಗಳ ನಡುವೆ ಪ್ಲಾಸ್ಟಿಕ್ ಇದ್ದರೆ ಕರೆಂಟ್ ದಾಟುವುದಿಲ್ಲ. ಆಗ ಟ್ರೆಡಲ್ ಹಾಕಿ.