ಸೀಕೆಮ್ ಎಕ್ಸೆಲ್: ಗಡ್ಡದ ಪಾಚಿಗೆ ಸೈ, ಹಸಿರು ನೀರಿಗೆ ದಂಡ

ಅಕ್ವೇರಿಯಂನಲ್ಲಿ ಅನುಬಿಯಾಸ್ ಗಿಡದ ಎಲೆಯಂಚಿನಲ್ಲೂ ಫಿಲ್ಟರ್ ಪೈಪಿನ ಬಾಯಲ್ಲೂ ಕುಚ್ಚು ಕುಚ್ಚಾಗಿ ಬೆಳೆಯುವ ಕಪ್ಪು ಗಡ್ಡದ ಪಾಚಿ, ಅಂದರೆ ಬ್ಲ್ಯಾಕ್ ಬಿಯರ್ಡ್, ಎಷ್ಟು ಉಜ್ಜಿದರೂ ಬಿಡುವುದಿಲ್ಲ. ಸೀಕೆಮ್‌ನ ಫ್ಲರಿಶ್ ಎಕ್ಸೆಲ್ ಅದನ್ನು ಬಿಡಿಸುತ್ತದೆ. ಕಂಪನಿ ಇದನ್ನು ಮಾರುವುದು ಗಿಡಗಳಿಗೆ ಇಂಗಾಲ ಕೊಡುವ ದ್ರವವೆಂದು. ಪಾಚಿಯನ್ನು ಸುಡುವುದು ಒಳಗಿರುವ ಗ್ಲುಟರಾಲ್ಡಿಹೈಡ್ ಬಳಗದ ರಾಸಾಯನಿಕ. ಆಸ್ಪತ್ರೆಯ ಉಪಕರಣಗಳ ಸೋಂಕು ತೆಗೆಯುವುದೂ ಅದೇ ಬಳಗ. ಹಾಗಾಗಿ ಕೈಗೆ ಗ್ಲೌಸ್ ಇರಲಿ, ಕಣ್ಣಿಗೆ ಸಿಡಿಯದಿರಲಿ.

ಚಿಕ್ಕ ಟ್ಯಾಂಕಿನವರು ಎಡವುವುದು ಅಳತೆಯಲ್ಲಿ. ದಿನದ ಪ್ರಮಾಣ 200 ಲೀಟರಿಗೆ 5 ಮಿಲಿ. 45×30×30 ಸೆಂಮೀ ಟ್ಯಾಂಕು ಲೆಕ್ಕಕ್ಕೆ 40 ಲೀಟರ್, ಮರಳು ಕಲ್ಲು ಕಳೆದರೆ ಉಳಿಯುವುದು 32ರ ಆಸುಪಾಸು. ಅದಕ್ಕೆ ಬೇಕಾದದ್ದು ಬರೀ 0.8 ಮಿಲಿ. ಮುಚ್ಚಳವೇ 5 ಮಿಲಿ ಹಿಡಿಯುವಾಗ ಅಂದಾಜಿನಲ್ಲಿ ಸುರಿದರೆ ಮೀನು ಮೇಲೆ ಬಂದು ಬಾಯಿ ಬಿಡಬಹುದು. ಮೆಡಿಕಲ್ ಶಾಪಿನ 1 ಮಿಲಿ ಸಿರಿಂಜ್ ತನ್ನಿ. ದ್ರವದ ಶಕ್ತಿ ಸುಮಾರು ಒಂದು ದಿನದಲ್ಲಿ ಮುಗಿಯುವುದರಿಂದ ದಿನಾ ಹಾಕಬೇಕು. ಮೊದಲ ಸಲ ಹಾಕುವಾಗ ಮತ್ತು ಒಮ್ಮೆಗೇ ಹೆಚ್ಚು ನೀರು ಬದಲಿಸಿದಾಗ 40 ಲೀಟರಿಗೆ 5 ಮಿಲಿ ಡೋಸ್ ಹಾಕಲು ಕಂಪನಿ ಹೇಳಿದೆ. ಸೀಗಡಿ ಸಾಕಿದವರು ಅದನ್ನು ಬಿಟ್ಟು ದಿನದ ಡೋಸಿನಿಂದಲೇ ಶುರು ಮಾಡುವುದು ಕ್ಷೇಮ.

ನೀರಿಗೆ ಸುಮ್ಮನೆ ಹಾಕುವುದಕ್ಕಿಂತ ಕುಚ್ಚಿನ ಮೇಲೆಯೇ ಬಿಟ್ಟರೆ ಕೆಲಸ ಬೇಗ. ಫಿಲ್ಟರ್ ನಿಲ್ಲಿಸಿ, ಆ ದಿನದ 0.8 ಮಿಲಿಯನ್ನೇ ಹತ್ತಿರದಿಂದ ಮೆಲ್ಲಗೆ ಒತ್ತಿ, ಹತ್ತು ನಿಮಿಷ ಬಿಟ್ಟು ಫಿಲ್ಟರ್ ಹಾಕಿ. ಕೆಲವು ದಿನಗಳಲ್ಲಿ ಕಪ್ಪು ಕೆಂಪಾಗುತ್ತದೆ, ಆಮೇಲೆ ಬಿಳಿಚಿಕೊಳ್ಳುತ್ತದೆ. ಕೆಂಪಾಯಿತೆಂದರೆ ಸತ್ತಿತೆಂದೇ ಅರ್ಥ. ಮತ್ತೆ ಅಲ್ಲಿಗೇ ಹಾಕುವುದು ದಂಡ.

ಟ್ಯಾಂಕಿನಲ್ಲಿ ವ್ಯಾಲಿಸ್ನೇರಿಯಾ, ಎಜೀರಿಯಾ ಗಿಡಗಳಿದ್ದರೆ ಈ ಬಾಟಲಿ ಬೇಡ, ಎಲೆ ಕರಗಿ ಲೋಳೆಯಾಗುತ್ತದೆ. ಮಾಸ್‌ಗಳೂ ನಲುಗುತ್ತವೆ. ನೀರೇ ಹಸಿರಾಗಿದ್ದರೆ ಯುವಿ ಲೈಟು ಅಥವಾ ಮೂರ್ನಾಲ್ಕು ದಿನದ ಪೂರ್ತಿ ಕತ್ತಲೆ ಬೇಕು, ಇದಲ್ಲ. ಹೊಸ ಟ್ಯಾಂಕಿನ ಕಂದು ಪಾಚಿ ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ, ಅದಕ್ಕೆ ದುಡ್ಡು ಸುರಿಯಬೇಡಿ.

250 ಮಿಲಿ ಬಾಟಲಿ ಇಂಥ ಟ್ಯಾಂಕಿಗೆ ಹತ್ತು ತಿಂಗಳು ಬರುತ್ತದೆ. ಆದರೆ ಲೈಟನ್ನು ಟೈಮರ್ ಹಾಕಿ ದಿನಕ್ಕೆ 6 ಗಂಟೆಗೆ ಇಳಿಸದೆ, ಮಿಕ್ಕ ಆಹಾರ ತೆಗೆಯದೆ ಇದೊಂದನ್ನೇ ನಂಬಿದರೆ, ಬಾಟಲಿ ಮುಗಿದ ಮೇಲೆ ಗಡ್ಡ ಮತ್ತೆ ಅದೇ ಎಲೆಯಂಚಿಗೆ ಬರುತ್ತದೆ.